ಹಾಸ್ಟೆಲಿನ ಲ್ಯಾಪ್‌ಟಾಪಿಗೂ ವಿಮೆ ಬೇಕೇ?

ನಮ್ಮ ಸಿದ್ದಾಪುರ, ಕಾರಟಗಿ ಕಡೆಯ ಮಕ್ಕಳು ಪಿಯುಸಿ ಮುಗಿದ ಮೇಲೆ ಧಾರವಾಡ, ರಾಯಚೂರು, ಬೆಂಗಳೂರು ಅಂತ ಹೊರಡುತ್ತಾರೆ. ಹಿಂದೆ ಒಂದು ಟ್ರಂಕು, ಹಾಸಿಗೆ ಕೊಟ್ಟರೆ ಮುಗೀತಿತ್ತು. ಈಗ ಲ್ಯಾಪ್‌ಟಾಪ್, ಮೊಬೈಲು, ಕೆಲವರಿಗೆ ಬೈಕೂ ಬೇಕು. 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ಲೆಕ್ಕದಲ್ಲಿ 45 ಸಾವಿರದ ಲ್ಯಾಪ್‌ಟಾಪ್ ಅಂದರೆ 19 ಕ್ವಿಂಟಲ್, ಅಂದರೆ ನಮ್ಮ 75 ಕಿಲೋ ಚೀಲದಲ್ಲಿ 25 ಚೀಲ ಭತ್ತ! ಅದು ಕಳೆದರೆ ಮತ್ತೊಂದು ಕೊಡಿಸುವುದು ಸುಲಭವಲ್ಲ. ಮಗಳನ್ನು ಹಾಸ್ಟೆಲಿಗೆ ಸೇರಿಸುವಾಗ ವಿಚಾರಿಸಿ, ಪಾಲಿಸಿ ಕಾಗದ ಓದಿ ತಿಳಿದದ್ದು ಇಷ್ಟು.

ಮನೆ ವಿಮೆ ಸಾಲದು

ಅಮೆರಿಕದಲ್ಲಿ ತಂದೆ-ತಾಯಿಯ ಮನೆ ವಿಮೆಯೇ ಹಾಸ್ಟೆಲಿನ ಮಕ್ಕಳ ಸಾಮಾನಿಗೂ ಸ್ವಲ್ಪ ಮಟ್ಟಿಗೆ ಸಿಗುವುದುಂಟು. ನಮ್ಮಲ್ಲಿ ಹಾಗಿಲ್ಲ. 2021ರ ಏಪ್ರಿಲಿನಿಂದ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಬೆಂಕಿ, ನೆರೆ, ಸಿಡಿಲು ಇಂಥವುಗಳಿಗೆ. ಸಾಮಾನಿಗೆ ರಕ್ಷಣೆ ಪಾಲಿಸಿಯಲ್ಲಿ ಬರೆದ ವಿಳಾಸದಲ್ಲಿ ಮಾತ್ರ. ಇಂಥ ಅವಘಡದಿಂದಾಗಿ ಏಳು ದಿನದೊಳಗೆ ಆದ ಕಳವಿಗೆ ಪರಿಹಾರವಿದೆ. ಬರೀ ಕಳವಿಗೆ ಇಲ್ಲ.

ಕನ್ನಗಳವಿನ ವಿಮೆ ಬೇರೆ ಇದೆ. ಅದರಲ್ಲಿ ಸಾಮಾನ್ಯವಾಗಿ ಬೀಗ, ಕಿಟಕಿ ಮುರಿದ ಗುರುತು ಕೇಳುತ್ತಾರೆ. ತೆರೆದಿಟ್ಟ ಕೋಣೆಯಿಂದ ಯಾರೋ ಎತ್ತಿಕೊಂಡು ಹೋದರೆ ಹಣ ಬರೋದು ಕಷ್ಟ. ಆದ್ದರಿಂದ ಲ್ಯಾಪ್‌ಟಾಪಿಗೇ ಪ್ರತ್ಯೇಕ ವಿಮೆ ಮಾಡಿಸುವವರು ಮೂರು ಮಾತು ಕೇಳಿ: ಹಾಸ್ಟೆಲು, ಬಸ್ಸು ಎಲ್ಲ ಕಡೆಗೂ ಇದೆಯೇ? ಬೀಗ ಮುರಿಯದ ಕಳವಿಗೂ ಇದೆಯೇ? ಸವಕಳಿ ಎಷ್ಟು ಕಳೀತಾರೆ?

ಬೈಕಿನ ವಿಷಯ

2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 'ಐದು ವರ್ಷ ಚಿಂತೆಯಿಲ್ಲ' ಅಂತ ಬಹಳ ಜನ ತಿಳಿದಿದ್ದಾರೆ. ಇದು ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ಗಾಡಿಯೇ ಕಳುವಾದರೆ ಒಂದು ಪೈಸೆ ಬರಂಗಿಲ್ಲ. ಸ್ವಂತ ಹಾನಿ ಮತ್ತು ಕಳವಿನ ಭಾಗ ಹೆಚ್ಚಾಗಿ ಒಂದೇ ವರ್ಷದ್ದಿರುತ್ತದೆ. ಅದನ್ನು ವರ್ಷ ವರ್ಷ ನವೀಕರಿಸಬೇಕು.

ಪುರಾವೆ ನಮ್ಮದೇ

ಬೆಳೆ ವಿಮೆಯಲ್ಲಿ ಹೆಚ್ಚಾಗಿ ಇಡೀ ಪಂಚಾಯತಿಯ ಇಳುವರಿ ನೋಡಿ ಪರಿಹಾರ ಕೊಡುತ್ತಾರೆ. ಇಲ್ಲಿ ಹಾಗಲ್ಲ, ನಮ್ಮ ವಸ್ತು ಹೋಯಿತೆಂದು ನಾವೇ ತೋರಿಸಬೇಕು. ಕೊಂಡ ದಿನವೇ ಬಿಲ್ಲು ಮತ್ತು ಸೀರಿಯಲ್ ನಂಬರಿನ ಫೋಟೋ ತೆಗೆದು ಮನೆಯಲ್ಲೊಂದು ಪ್ರತಿ ಇಡಿ. ಮೊಬೈಲಿನಲ್ಲಿ *#06# ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ, ಬರೆದಿಡಿ.

ಕಳುವಾದರೆ ತಡಮಾಡದೆ ಪೊಲೀಸ್ ದೂರು ಕೊಟ್ಟು ಪ್ರತಿ ತಗೊಳ್ಳಿ, ಕಂಪನಿಗೆ ತಿಳಿಸಿ. ಮೊಬೈಲಾದರೆ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ತಾಣದಲ್ಲಿ ಅದನ್ನು ಬಂದ್ ಮಾಡಿಸಬಹುದು. ಕಂಪನಿ ಹಣ ನಿರಾಕರಿಸಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಎಲ್ಲದಕ್ಕೂ ವಿಮೆ ಬೇಕೆಂದು ನಾನು ಹೇಳುವುದಿಲ್ಲ. ಹತ್ತು ಸಾವಿರದ ಮೊಬೈಲಿಗೆ ವರ್ಷ ವರ್ಷ ಕಂತು ಕಟ್ಟುವುದಕ್ಕಿಂತ ಆ ಹಣ ಕೂಡಿಡುವುದು ವಾಸಿ. ಸಾಲ ಮಾಡಿ ಕೊಂಡ ಲ್ಯಾಪ್‌ಟಾಪಿಗೆ, ಬೈಕಿಗೆ ವಿಮೆ ಇರಲಿ. ಜತೆಗೆ ಪೆಟ್ಟಿಗೆಗೊಂದು ಗಟ್ಟಿ ಬೀಗವೂ ಇರಲಿ.