ಕಾಲುಗಳ ಆರೋಗ್ಯ ಮತ್ತು ಒತ್ತಡದ ಕಾಲುಚೀಲ

ದೀರ್ಘಕಾಲ ನಿಂತು ದುಡಿಯುವವರ ಕಾಲುಗಳು ಸಂಜೆಯ ವೇಳೆಗೆ ಭಾರವಾಗುವುದು, ಹರಡಿನ ಸುತ್ತ ಬಾವು ಬರುವುದು, ಮೀನಖಂಡದ ಮೇಲೆ ನೀಲಿ ಗಂಟುಗಳು ಏಳುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು. ಜನರು ಇದನ್ನು ‘ನರ ಉಬ್ಬಿದೆ’ ಎನ್ನುವರಾದರೂ ಉಬ್ಬುವುದು ನರವಲ್ಲ; ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎಂದು ಕರೆಯುತ್ತಾರೆ.

ಅಭಿಧಮನಿಗಳೊಳಗೆ ರಕ್ತವು ಕೆಳಗೆ ಜಾರದಂತೆ ತಡೆಯುವ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ನಿಂತಾಗ ಹರಡಿನ ಬಳಿ ಅಭಿಧಮನಿಯ ಒತ್ತಡವು 80ರಿಂದ 90 ಮಿ.ಮೀ. ಪಾದರಸದಷ್ಟಿದ್ದು, ಕವಾಟಗಳು ಸರಿಯಾಗಿರುವವರಲ್ಲಿ ನಾಲ್ಕು ಹೆಜ್ಜೆ ನಡೆದೊಡನೆ 30ರ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ಕೆಡುಕು ದುಡಿಮೆಯಲ್ಲಿಲ್ಲ, ಅಲುಗಾಡದ ನಿಲುವಿನಲ್ಲಿದೆ. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳಲ್ಲಿ ಮಾರಾಟಗಾರರು ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವುದುಂಟು. ದೆಹಲಿಯ ಪೀತಮ್‌ಪುರದಂತಹ ಬಡಾವಣೆಗಳ ಹೊಸ ಬಗೆಯ ಮಳಿಗೆಗಳಲ್ಲಿ ಗಾದಿಯೂ ಇಲ್ಲ, ಅನೇಕ ಕಡೆ ಪೀಠವೂ ಇಲ್ಲ. ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಅವಕಾಶವನ್ನು ಕಾನೂನಿನ ಮೂಲಕವೇ ಒದಗಿಸಬೇಕಾಯಿತು.

ಒತ್ತಡದ ಕಾಲುಚೀಲವು ಮೀನಖಂಡದ ಕೆಲಸಕ್ಕೆ ಹೊರಗಿನಿಂದ ನೆರವಾಗುತ್ತದೆ. ಇದರ ಬಿಗಿ ಹರಡಿನಲ್ಲಿ ಅತ್ಯಧಿಕವಾಗಿದ್ದು ಮೇಲೆ ಹೋದಂತೆ ಕಡಿಮೆಯಾಗುವುದು. ಕಾಲಿನ ಬಾಧೆಯಿಂದ ಬಳಲುತ್ತಿದ್ದ ಕಾನ್ರಾಡ್ ಜಾಬ್‌ಸ್ಟ್ ಎಂಬ ಇಂಜಿನಿಯರ್, ಈಜುಕೊಳದ ನೀರಿನಲ್ಲಿ ನಿಂತಾಗ ತನಗೆ ಹಾಯೆನಿಸುವುದನ್ನು ಗಮನಿಸಿದನು. ನೀರಿನ ಒತ್ತಡ ಆಳದಲ್ಲಿ ಹೆಚ್ಚು, ಮೇಲೆ ಕಡಿಮೆ. ಅದೇ ತತ್ತ್ವವನ್ನು ಆತ ಕಾಲುಚೀಲಕ್ಕೆ ಅಳವಡಿಸಿದನು. ಇದು ಬಾವನ್ನೂ ನೋವನ್ನೂ ತಗ್ಗಿಸುತ್ತದೆ, ವಾಸಿಯಾದ ಹುಣ್ಣು ಮರುಕಳಿಸದಂತೆ ನೆರವಾಗುತ್ತದೆ. ಆದರೆ ಉಬ್ಬಿದ ಅಭಿಧಮನಿಯನ್ನು ಮೊದಲಿನಂತೆ ಮಾಡಲಾರದು.

ಔಷಧದಂಗಡಿಯಲ್ಲಿ ಕೇಳಿದೊಡನೆ ದೊರೆಯುವುದೆಂಬ ಕಾರಣಕ್ಕೆ ಇದನ್ನು ನಿರಪಾಯಕರವೆಂದು ತಿಳಿಯಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ವೃದ್ಧರಲ್ಲಿ ಪಾದಕ್ಕೆ ರಕ್ತವನ್ನು ಒಯ್ಯುವ ಅಪಧಮನಿಗಳು ಕಿರಿದಾಗಿರುವ ಸಂಭವವುಂಟು. ಅಂಥವರ ಕಾಲನ್ನು ಬಿಗಿದರೆ ಇದ್ದ ರಕ್ತಸಂಚಾರವೂ ಕುಂದಿ ಚರ್ಮ ಕೊಳೆಯಬಹುದು, ಪಾದವನ್ನೇ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ವೈದ್ಯರು ಪಾದದ ನಾಡಿ ನೋಡಿ, ಅಗತ್ಯವೆನಿಸಿದರೆ ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ನಿರ್ಧರಿಸುತ್ತಾರೆ. ಹರಡಿನ ಒತ್ತಡ ತೋಳಿನದರ ಹತ್ತರಲ್ಲಿ ಎಂಟು ಪಾಲಿಗಿಂತ ಕಡಿಮೆಯಿದ್ದರೆ ತಜ್ಞರ ಸಲಹೆಯಿಲ್ಲದೆ ಚೀಲ ತೊಡಕೂಡದು.

ಸಾಧಾರಣ ಆಯಾಸಕ್ಕೆ 15ರಿಂದ 20 ಮಿ.ಮೀ. ಒತ್ತಡದ ಚೀಲ ಸಾಕಾಗುತ್ತದೆ. 20ರಿಂದ 30ರದ್ದನ್ನೂ ಅದಕ್ಕೂ ಬಿಗಿಯಾದುದನ್ನೂ ವೈದ್ಯರು ಸೂಚಿಸಿದರೆ ಮಾತ್ರ ಕೊಳ್ಳಬೇಕು. ಚಪ್ಪಲಿಯ ಸಂಖ್ಯೆ ಹೇಳಿ ಕೊಂಡರೆ ಪ್ರಯೋಜನವಿಲ್ಲ. ಕಾಲು ಊದುವ ಮೊದಲೇ, ಬೆಳಗ್ಗೆ, ಹರಡಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದೊಡ್ಡ ಸುತ್ತಳತೆ, ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗಿನ ಉದ್ದ – ಇವನ್ನು ಟೇಪಿನಲ್ಲಿ ಅಳೆದು ತಯಾರಕರ ಪಟ್ಟಿಯೊಡನೆ ಹೋಲಿಸಬೇಕು. ಎರಡು ಕಾಲುಗಳ ಅಳತೆ ಒಂದೇ ಆಗಿರಬೇಕೆಂದಿಲ್ಲ.

ಹಾಸಿಗೆಯಿಂದ ಏಳುವ ಮುನ್ನವೇ ತೊಡುವುದು ಉತ್ತಮ. ಮುಂಜಾನೆ ಸ್ನಾನ ಮಾಡುವ ನಮ್ಮ ಮನೆಗಳಲ್ಲಿ ಇದು ಕಷ್ಟವೇ. ಸ್ನಾನದ ನಂತರ ಹತ್ತು ನಿಮಿಷ ಕಾಲೆತ್ತಿ ಮಲಗಿ, ಚರ್ಮವನ್ನು ಚೆನ್ನಾಗಿ ಒರೆಸಿ ತೊಡಬಹುದು. ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಮಾಡಿ, ಪಾದವನ್ನು ತೂರಿಸಿ, ಉಳಿದುದನ್ನು ಸ್ವಲ್ಪಸ್ವಲ್ಪವಾಗಿ ಮೇಲೇರಿಸಬೇಕು. ರಬ್ಬರ್ ಕೈಗವಸಿದ್ದರೆ ಹಿಡಿತ ಸುಲಭ. ಮೇಲಂಚನ್ನು ಎಂದಿಗೂ ಮಡಿಚಬಾರದು. ಮಡಿಕೆಯು ಹಗ್ಗ ಕಟ್ಟಿದಂತೆ ಕಾಲನ್ನು ಬಿಗಿಯುವುದು. ರಾತ್ರಿ ಮಲಗುವಾಗ ತೆಗೆದು, ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು.

ದೆಹಲಿಯ ಮೇ ತಿಂಗಳ ಬಿಸಿಲಿನಲ್ಲಿ ಇದನ್ನು ದಿನವಿಡೀ ತೊಡುವುದು ತಪಸ್ಸಿನಂತೆಯೇ ಸರಿ. ಬೆರಳು ತೆರೆದಿರುವ, ಮಂಡಿಯ ಕೆಳಗೆ ನಿಲ್ಲುವ ಚೀಲ ತುಸು ಸಹ್ಯ. ಎರಡು ಜೊತೆಯಿದ್ದರೆ ಒಂದನ್ನು ಒಗೆಯಬಹುದು; ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ದಿನವೂ ಬಳಸಿದರೆ ಮೂರರಿಂದ ಆರು ತಿಂಗಳಲ್ಲಿ ಬಿಗಿ ಸಡಿಲವಾಗುವುದರಿಂದ ಹೊಸದನ್ನು ಕೊಳ್ಳಬೇಕು.

ಚೀಲ ತೊಟ್ಟಾಗ ಬೆರಳುಗಳು ಮರಗಟ್ಟಿದರೆ, ತಣ್ಣಗಾದರೆ, ನೀಲಿಯಾದರೆ ಕೂಡಲೇ ತೆಗೆಯಬೇಕು. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕಾಲುಚೀಲದಿಂದ ಅದಕ್ಕೆ ಪರಿಹಾರವಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದರೊಡನೆ ಎದೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಕ್ಷಣವೂ ತಡಮಾಡಕೂಡದು.