ಗೂಟಕ್ಕೆ ಕಟ್ಟಿದ ಕರುವಿನ ಮೂಳೆ

ಮೂಳೆ ಗಟ್ಟಿಯಾಗಲೆಂದು ಕರುವಿಗೆ ಖನಿಜ ಮಿಶ್ರಣ ತಿನ್ನಿಸುತ್ತೀರಿ. ಒಳ್ಳೆಯದೇ. ಆದರೆ ಅದನ್ನು ಬೆಳಗಿನಿಂದ ಸಂಜೆಯವರೆಗೆ ಗೇಣುದ್ದದ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದರೆ, ಕೊಟ್ಟ ಸುಣ್ಣದಂಶದ ಪೂರ್ಣ ಪ್ರಯೋಜನ ಮೂಳೆಗೆ ದೊರೆಯುವುದಿಲ್ಲ.

ಹೊಲದ ಬದುವಿನಲ್ಲಿ ಬಿದ್ದ ಒಣಮೂಳೆಯನ್ನು ಕಂಡು, ಮೂಳೆಯೆಂದರೆ ಕಲ್ಲಿನಂತೆ ಜಡವೆಂದು ಭಾವಿಸುವುದುಂಟು. ಬದುಕಿರುವ ಮೂಳೆ ಹಾಗಲ್ಲ. ಅದರ ಗಟ್ಟಿಭಾಗದೊಳಗೇ ಅಸಂಖ್ಯ ಜೀವಕಣಗಳು ಹುದುಗಿವೆ. ಬಹು ಸೂಕ್ಷ್ಮವಾದ ಕಾಲುವೆಗಳ ಮೂಲಕ ಅವು ಒಂದಕ್ಕೊಂದು ಕೈಚಾಚಿಕೊಂಡಿರುತ್ತವೆ. ಕಾಲುವೆಗಳಲ್ಲಿ ದ್ರವ ತುಂಬಿರುತ್ತದೆ. ದನ ಹೆಜ್ಜೆ ಇಟ್ಟಾಗ ಮೂಳೆ ತುಸುವೇ ಬಾಗುತ್ತದೆ. ಜೋರಾಗಿ ಓಡಿದರೂ ಸಾವಿರಕ್ಕೆ ಎರಡು ಮೂರು ಪಾಲಿನಷ್ಟು ಮಾತ್ರ. ಅಷ್ಟರಿಂದಲೇ ದ್ರವ ಸರಿದಾಡಿ ಜೀವಕಣಗಳ ಮೈ ಸವರುತ್ತದೆ. ಭಾರ ಬಿದ್ದ ಸುದ್ದಿ ಅವಕ್ಕೆ ತಲುಪುವುದು ಹೀಗೆ.

ಈ ಕಣಗಳು ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನನ್ನು ಉತ್ಪಾದಿಸುತ್ತವೆ. ಮೂಳೆ ಕಟ್ಟುವ ಕಣಗಳನ್ನು ತಡೆಯುವುದೇ ಅದರ ಕೆಲಸ. ಭಾರ ಬಿದ್ದಾಗ ಅದು ಕಡಿಮೆಯಾಗಿ ಕಟ್ಟುವ ಕೆಲಸ ಸಾಗುತ್ತದೆ. ಭಾರವೇ ಇಲ್ಲದಾಗ ಅದು ಹೆಚ್ಚಿ, ಮೂಳೆ ಕರಗಿಸುವ ಕಣಗಳ ಕೈ ಮೇಲಾಗುತ್ತದೆ. ತೂಕವೇ ತಿಳಿಯದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರ ಮೂಳೆ ಸವೆದಿರುವುದಕ್ಕೂ ಇದೇ ಕಾರಣ.

“ದನ ಬಿಡಲು ಗೋಮಾಳ ಎಲ್ಲಿದೆ ಸ್ವಾಮಿ?” ಎಂದು ನೀವು ಕೇಳಬಹುದು. ನ್ಯಾಯವೇ. ಆದರೆ ದಿನವಿಡೀ ಓಡಾಡಿಸಬೇಕಿಲ್ಲ. ರೂಬಿನ್ ಮತ್ತು ಲ್ಯಾನ್ಯನ್ ಎಂಬ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಕೋಳಿಜಾತಿಯ ಹಕ್ಕಿಯ ರೆಕ್ಕೆಮೂಳೆಗೆ ಭಾರ ಬೀಳದಂತೆ ಮಾಡಿದಾಗ ಅದು ಸವೆಯಿತು. ದಿನಕ್ಕೆ 4 ಸಾರಿ ಒತ್ತಡ ಕೊಟ್ಟಾಗ ಸವೆತ ನಿಂತಿತು. 36 ಸಾರಿ ಕೊಟ್ಟಾಗ ಮೂಳೆ ದಪ್ಪವಾಯಿತು. 1800 ಸಾರಿ ಕೊಟ್ಟರೂ ಅದಕ್ಕಿಂತ ಹೆಚ್ಚು ಲಾಭವಾಗಲಿಲ್ಲ! ಆದ್ದರಿಂದ ಬೆಳಗ್ಗೆ, ಸಂಜೆ ಸ್ವಲ್ಪ ಹೊತ್ತು ಕಣ್ಣಿ ಬಿಚ್ಚಿ, ಹಿತ್ತಿಲಿನಲ್ಲೋ ಕಣದಲ್ಲೋ ಕರುವನ್ನು ನೆಗೆಯಲು ಬಿಡಿ. ನೆಲ ಜಾರದಂತಿರಲಿ.

ಮೊಟ್ಟೆಕೋಳಿ ಸಾಕುವವರಿಗೆ ಈ ಮಾತು ಇನ್ನೂ ಮುಖ್ಯ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು; ಅದರಲ್ಲೊಂದು ಪಾಲು ಮೂಳೆಯಿಂದಲೇ ಹೋಗುತ್ತದೆ. ಪಂಜರದಲ್ಲಿ ರೆಕ್ಕೆ ಬಡಿಯಲೂ ಜಾಗವಿಲ್ಲದ ಕೋಳಿಯ ಮೂಳೆ ಹಿಡಿದೆಳೆದರೆ ಮುರಿಯುವಷ್ಟು ಸೊರಗಿರಬಹುದು.

ಎಳೆಯ ಹೋರಿಗೆ ನೊಗ ಹೂಡುವಾಗಲೂ ಆತುರ ಬೇಡ. ಮೂಳೆ ಬಲಿಯಲು ವಾರಗಳೇ ಬೇಕು. ಮೊದಲು ಬರಿಗಾಡಿ, ಆಮೇಲೆ ಹಗುರ ಹೇರು. ಕಾಲು ಸೊಟ್ಟಗಾದ ಅಥವಾ ಕುಂಟುವ ಕರುವನ್ನು ಮಾತ್ರ ಓಡಿಸದೆ ಪಶುವೈದ್ಯರಿಗೆ ತೋರಿಸಿ.