ಐಬಿಯ ಬಾಗಿಲು ಯಾರಿಗೆ?

ಹೆದ್ದಾರಿ 66ರಲ್ಲಿ ಕಾರವಾರದಿಂದ ಅಂಕೋಲಾ ಕಡೆಗೆ ರಾತ್ರಿ ಹೊರಟರೆ ಕಾಣೋದು ರಸ್ತೆಯಂಚಿಗೆ ನಿಂತ ಲಾರಿಗಳು, ಕ್ಯಾಬಿನ್‌ನಲ್ಲೇ ಮಲಗಿದ ಡ್ರೈವರ್‌ಗಳು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ಡ್ರೈವರ್‌ಗಳಿದ್ದರು. ರಸ್ತೆ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೂ ಇತ್ತು. ಗುಡ್ಡ ಕಡಿದವರ ಹೊಣೆ ಬೇರೆಯೇ ಚರ್ಚೆ. ನನ್ನ ತಲೆ ಕೊರೆಯೋದು ಇನ್ನೊಂದು ಪ್ರಶ್ನೆ: ದಾರಿಯಲ್ಲಿ ದುಡಿಯುವವರಿಗಾಗಿ ನಾವು ಏನು ಕಟ್ಟಿದ್ದೇವೆ?

ಅಮೆರಿಕದವರು ಮೋಟೆಲ್ ಕಟ್ಟಿದರು. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ತೆರೆದ ಮೈಲ್‌ಸ್ಟೋನ್ ಮೊ-ಟೆಲ್‌ನಿಂದ ಆ ಹೆಸರು ಬಂತು; ಎರಡನೇ ಮಹಾಯುದ್ಧದ ನಂತರ ಹೆದ್ದಾರಿಗಳುದ್ದಕ್ಕೂ ಹಬ್ಬಿತು. ರಚನೆ ತೀರಾ ಸರಳ. ಸಾಲು ಕೋಣೆಗಳು, ಪ್ರತಿ ಬಾಗಿಲೂ ನೇರ ಗಾಡಿ ನಿಲ್ಲಿಸುವ ಅಂಗಳಕ್ಕೆ. ಅಕ್ಕಪಕ್ಕದ ಬಚ್ಚಲುಗಳು ಬೆನ್ನಿಗೆ ಬೆನ್ನು ಕೊಟ್ಟಿರುತ್ತವೆ, ಪೈಪೆಲ್ಲ ಒಂದೇ ಗೋಡೆಯಲ್ಲಿ. ಇಂಜಿನಿಯರಿಂಗ್ ಓದಿದ ನನಗೆ ಇದರ ಜಾಣತನ ಇಷ್ಟ. ಕೋಣೆಗೊಂದು ಬಾಗಿಲು, ಒಂದು ಬಚ್ಚಲು ಇದ್ದರೆ ಹೆಚ್ಚು ಗೋಡೆ ಒಡೆಯದೆ ಅದು ಮನೆಯಾಗುತ್ತೆ. 2020ರ ಕೋವಿಡ್ ಕಾಲದಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ‘ಹೋಮ್‌ಕೀ’ ಯೋಜನೆಯಡಿ ಮೋಟೆಲ್‌ಗಳನ್ನು ಕೊಂಡು ಸೂರಿಲ್ಲದವರಿಗೆ ಒದಗಿಸಲು ಹಣ ಕೊಟ್ಟಿತು.

ಮರುಬಳಕೆ ಎಲ್ಲ ಸಲ ಇಷ್ಟು ನೇರವಾಗಿರಲ್ಲ. ಮಾರ್ಟಿನ್ ಲೂಥರ್ ಕಿಂಗ್ 1968ರಲ್ಲಿ ಗುಂಡಿಗೆ ಬಲಿಯಾದ ಮೆಂಫಿಸ್‌ನ ಲೊರೇನ್ ಮೋಟೆಲ್, 1991ರಲ್ಲಿ ನಾಗರಿಕ ಹಕ್ಕುಗಳ ಮ್ಯೂಸಿಯಂ ಆಯ್ತು. ಅದಕ್ಕಾಗಿ ಅಲ್ಲಿಂದ ಹೊರಹಾಕಲಾದ ಕೊನೆಯ ಬಾಡಿಗೆದಾರ ಮಹಿಳೆ ಎದುರು ಬೀದಿಯಲ್ಲೇ ದಶಕಗಟ್ಟಲೆ ಪ್ರತಿಭಟಿಸಿದರು. ಕಟ್ಟಡ ಉಳಿಯಿತು, ಅದರಲ್ಲಿದ್ದವರು ಉಳಿಯಲಿಲ್ಲ.

ನಮ್ಮ ಕಡೆ ಮೋಟೆಲ್‌ಗೆ ಹತ್ತಿರದ ನೆಂಟ ಅಂದ್ರೆ ಪಿಡಬ್ಲ್ಯುಡಿಯ ಐಬಿ, ಪ್ರವಾಸಿ ಮಂದಿರ. ಹಳೆಯವನ್ನು ನೋಡಿ: ಎತ್ತರದ ಅಡಿಪಾಯ, ಇಳಿಜಾರು ಹಂಚಿನ ಮಾಡು, ಉದ್ದನೆಯ ವೆರಾಂಡಾ, ಅದಕ್ಕೇ ತೆರೆದುಕೊಳ್ಳುವ ಕೋಣೆಗಳು. ಕರಾವಳಿಯ ಮಳೆಗೆ ಹೇಳಿ ಮಾಡಿಸಿದ್ದು. ಆದರೆ ಕಟ್ಟಿದ್ದು ಸಾಹೇಬರ ಸರ್ಕೀಟಿಗೆ. 1956ರಲ್ಲಿ ಉತ್ತರ ಕನ್ನಡ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಸಾಹೇಬರ ಜಾಗಕ್ಕೆ ಮಂತ್ರಿಗಳು ಬಂದರು. ಕೋಣೆ ಕೊಡುವ ಕ್ರಮ ಮಾತ್ರ ಅದೇ: ಮೊದಲು ಅಧಿಕಾರದಲ್ಲಿರೋರು, ಮಿಕ್ಕಿದರೆ ಜನ. ಪ್ರವಾಸಿ ಅನ್ನೋದು ಬೋರ್ಡಿನಲ್ಲಷ್ಟೇ.

ಹಟ್ಟಿಕೇರಿಯಲ್ಲಿ ಟೋಲ್ ಕಟ್ಟಿ ಮುಂದೆ ಹೋಗುವ ಲಾರಿಯವನಿಗೆ ಗುಡ್ಡದಿಂದ ದೂರದಲ್ಲಿ ಎರಡು ಸಾಲು ಕೋಣೆ ಕಟ್ಟೋಕೆ ಹೊಸ ತಂತ್ರಜ್ಞಾನವೇನೂ ಬೇಡ. ಮಳೆಗಾಲದ ರಾತ್ರಿ ಖಾಲಿ ಬಿದ್ದಿರುವ ಐಬಿ ಕೋಣೆಯನ್ನು ಅವನಿಗೆ ಕೊಡೋಕೆ ಕಟ್ಟಡವೂ ಬೇಡ, ಒಂದು ಸುತ್ತೋಲೆ ಸಾಕು.